ಆಟಿಯ ಎಲೆಗೆ ಒಂದು ಮೀನು

ಮಾವನ ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಮುಗಿಸಿ ಕೈತೊಳೆಯುವಲ್ಲಿ, ಹತ್ತು ಜನ ನೆಂಟರ ಎದುರಿಗೆ ನಾನೊಂದು ಮಾತು ಆಡಿಬಿಟ್ಟೆ.

"ಆಟಿಯಲ್ಲಿ ಬಡಿಸುವಾಗ ಮಾವನಿಗೆ ಮಾರ್ಕೆಟಿನ ಮೀನು ಬೇಡ. ಅವರ ಗಾಳದಲ್ಲೇ ನಾನು ಹಿಡಿದು ತರ್ತೇನೆ."

ತೀರಿಕೊಂಡವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಅವರ ಇಷ್ಟದ ಅಡುಗೆಯನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ನಮ್ಮಲ್ಲಿ ಕ್ರಮ. ಆಗ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಐಸಿನ ಮೀನು, ಅದನ್ನು ಮಾವ ಮುಟ್ಟಿದವರಲ್ಲ. ನಾನು ಹೇಳಿದ್ದು ತಪ್ಪೇನಲ್ಲ. ಆದರೆ ಗಾಳಕ್ಕೆ ದಾರ ಕಟ್ಟಲಿಕ್ಕೂ ನನಗೆ ಗೊತ್ತಿರಲಿಲ್ಲ. ಎಲ್ಲರೂ ತಲೆಯಾಡಿಸಿ ಮರೆತರು. ಎಲೆ ತೆಗೆಯುತ್ತಿದ್ದ ಅತ್ತೆ ಮಾತ್ರ ನಿಂತು ನನ್ನ ಮುಖ ನೋಡಿದರು.

ಮಾವ ಗಲ್ಫಿನಲ್ಲಿ ಬಹಳ ವರ್ಷ ಡ್ರೈವರ್ ಆಗಿದ್ದವರು. ಅವರ ಧಣಿ ಬೇಸಿಗೆಯಲ್ಲಿ ಯಾವುದೋ ಚಳಿ ದೇಶಕ್ಕೆ ಹೋಗಿ ಹೊಳೆಯಲ್ಲಿ ನಿಂತು ಮೀನು ಹಿಡಿಯುತ್ತಿದ್ದನಂತೆ. ಗಾಳಕ್ಕೆ ಹುಳವಿಲ್ಲ, ಸಿಗಡಿಯಿಲ್ಲ. ಗರಿಯಲ್ಲಿ ಕಟ್ಟಿದ ಸುಳ್ಳು ನೊಣ. ಮಾವ ಕೆಲಸ ಬಿಟ್ಟು ಬರುವಾಗ ಅವನು ತನ್ನ ಹಳೆಯ ಕೋಲೊಂದನ್ನು ಉಡುಗೊರೆ ಕೊಟ್ಟ. ಬೋಳಾರದ ಹೊಳೆಬದಿಯಲ್ಲಿ ಮಾವ ಅದನ್ನು ಬೀಸತೊಡಗಿದಾಗ ನಕ್ಕವರೇ ಜಾಸ್ತಿ. ಆಮೇಲೆ ಊರ ಕೋಳಿಯ ಗರಿಗೆ ಕೆಂಬೇರಿ ಮೀನು ಕಚ್ಚಿತು. ನಗು ನಿಂತಿತು.

ಆ ಚಳಿ ದೇಶದವರ ಬಗ್ಗೆ ಮಾವನದ್ದು ಒಂದು ಕತೆ ಇತ್ತು. "ಅಲ್ಲಿ ಮೀನನ್ನು ತೊಟ್ಟಿಯಲ್ಲಿ ಸಾಕಿ ಹೊಳೆಗೆ ಬಿಡ್ತಾರೆ ಮಾರಾಯ, ಆಮೇಲೆ ಇವರೇ ಹೋಗಿ ಹಿಡಿಯುವುದು. ಗೂಡಿನ ಕೋಳಿಯನ್ನು ಅಂಗಳಕ್ಕೆ ಬಿಟ್ಟು, ಬೇಟೆ ಆಡಿದೆ ಅಂತ ಮೀಸೆ ತಿರುವಿದ ಹಾಗೆ!" ಹೇಳಿ ಕೆಮ್ಮು ಬರುವ ತನಕ ನಗುತ್ತಿದ್ದರು. ನನ್ನನ್ನೂ ಆದಿತ್ಯವಾರ ಬಾ ಎಂದು ಎಷ್ಟು ಸಲ ಕರೆದಿದ್ದರೋ. ನನ್ನ ಮನೆ ಪಡೀಲಿನಲ್ಲಿ, ಬೋಳಾರಕ್ಕೆ ದೂರವೇನಲ್ಲ. "ಮಳೆ ಬಿಡಲಿ ಮಾವ" ಎನ್ನುತ್ತಿದ್ದೆ. ಮಳೆ ಬಿಟ್ಟರೆ ಬಿಸಿಲು.

ಆಟಿ ಹುಟ್ಟಿದ ಮೇಲೆ ನನಗೆ ಭಯ ಹಿಡಿಯಿತು. ಕೋಲು ಹಿಡಿದು ಬೋಳಾರಕ್ಕೆ ಹೋದೆ. ಅಲ್ಲಿ ಮಾವನ ಜೊತೆಗಾರರು ಸಿಕ್ಕಿದರು. ಕುದ್ರೋಳಿಯಲ್ಲಿ ಕೊಡೆ ರಿಪೇರಿಯ ಅಂಗಡಿ ಇಟ್ಟಿರುವ ಸಾಹೇಬರು. ಅವರದ್ದು ಸಾದಾ ಗಾಳ, ಸಿಗಡಿ ಚುಚ್ಚಿ ಕೂರುವವರು.

"ಹಿಂದೆ ಬೀಸಿ ಸ್ವಲ್ಪ ನಿಲ್ಲಬೇಕು," ಎಂದರು. "ದಾರ ಹಿಂದೆ ನೆಟ್ಟಗಾಗಬೇಕು, ಮತ್ತೆ ಮುಂದೆ. ನಿಮ್ಮ ಮಾವ ಆ ಹೊತ್ತಿಗೆ ಸರಿಯಾಗಿ ಒಂದು ಕೆಮ್ಮುತ್ತಿದ್ದರು."

ನಾನೂ ಕೆಮ್ಮಿದೆ. ಗಾಳ ಹೋಗಿ ಸಾಹೇಬರ ಕೊಡೆಗೆ ಸಿಕ್ಕಿ, ಬಟ್ಟೆ ಪರ್ರನೆ ಹರಿಯಿತು.

"ಅಡ್ಡಿಲ್ಲ, ಒಂದು ಕೊಡೆ ಹಿಡಿದಿರಿ," ಎಂದರು ಅವರು. "ಸಾರಿಗಾಗುವುದಿಲ್ಲ ಅಷ್ಟೇ."

ಮೂರು ಆದಿತ್ಯವಾರ ಹೋದೆ. ನೇತ್ರಾವತಿ ಕೆಂಪಗೆ ಹರಿಯುತ್ತಿತ್ತು; ಕೊಂಬೆ, ಚಪ್ಪಲಿ, ತೆಂಗಿನಕಾಯಿ ತೇಲಿ ಬರುತ್ತಿದ್ದವು, ಮೀನೊಂದು ಬಿಟ್ಟು. ಈ ನೀರಿನಲ್ಲಿ ಮೀನಿಗೆ ಗರಿ ಕಾಣುವುದಾದರೂ ಹೇಗೆ ಎಂದು ಕೇಳಿದೆ.

"ಭರತದ ಹೊತ್ತಿಗೆ ಕಡಲ ನೀರು ಒಳಗೆ ನೂಕುತ್ತದೆ. ಎಲ್ಲಿಯೋ ಒಂದು ಕಡೆ ಸ್ವಲ್ಪ ಹೊತ್ತು ತಿಳಿ ಆಗ್ತದೆ. ಆ ಜಾಗ ಅವರಿಗೆ ಗೊತ್ತಿತ್ತು."

"ನಿಮಗೆ ಹೇಳಲಿಲ್ಲವಾ?"

"ಇಪ್ಪತ್ತು ವರ್ಷ ಒಟ್ಟಿಗೆ ಕೂತಿದ್ದೇವೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವಸರ ಎಂತ ಉಂಟು ಅಂತ ಇಬ್ಬರಿಗೂ." ಸಾಹೇಬರು ಹರಿದ ಕೊಡೆಯೊಳಗಿಂದ ಹೊಳೆ ನೋಡಿದರು.

ಬಡಿಸುವ ದಿನ ಬೆಳಿಗ್ಗೆ ನಾನು ಬೋಳಾರಕ್ಕೆ ಹೋಗಲಿಲ್ಲ. ಹೊಳೆಯಾಚೆ, ಉಪ್ಪುನೀರು ಹತ್ತುವ ಗದ್ದೆ ಅಗೆದು ಮಾಡಿದ ಒಂದು ಕೆರೆ ಇದೆ. ಮೀನು ಸಾಕಿ, ಹವ್ಯಾಸದವರಿಗೆ ಹಿಡಿಯಲು ಬಿಡುತ್ತಾರೆ. ಅಲ್ಲಿಗೆ ಹೋದೆ. ನೋಡಿಕೊಳ್ಳುವ ಹೆಂಗಸು ನನ್ನ ಬೀಸುವಿಕೆಯನ್ನು ಸ್ವಲ್ಪ ಹೊತ್ತು ಸಹಿಸಿದಳು.

"ಅದೆಂತ, ನೊಣ ಓಡಿಸುವುದಾ? ನಿಲ್ಲಿ." ಮೇವಿನ ಬಕೆಟ್ ತಂದು ಅಂಚಿಗೆ ಟಣಟಣ ಬಡಿದಳು. ನೀರು ಕುದಿದ ಹಾಗೆ ಮೀನುಗಳು ಬಂದವು. ಅವಳೊಂದು ಹಿಡಿ ಮೇವು ಎಸೆದಳು, ಅದರ ನಡುವೆ ನನ್ನ ಗರಿ ಬಿತ್ತು. ಕೋಲು ಬಾಗಿತು. ಒಳ್ಳೆಯ ಕೆಂಬೇರಿ. ಜೀವನದ ಮೊದಲ ಮೀನು. ನನಗೆ ಆ ಬಕೆಟಿನ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಮೀನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬೋಳಾರದ್ದಾ?"

"ಹೌದು," ಎಂದೆ.

ಹಿತ್ತಿಲ ಕಲ್ಲಿನ ಮೇಲೆ ಮೀನಿನ ಹೊಟ್ಟೆ ಸೀಳಿದರು. ನಾನು ನೀರು ಹೊಯ್ಯುತ್ತಿದ್ದೆ. ಒಳಗಿನಿಂದ ಇನ್ನೂ ಕರಗದ ಮೇವಿನ ಗುಂಡುಗಳು ಹೊರಬಂದವು, ಒಂದೇ ಅಳತೆಯವು. ಇಪ್ಪತ್ತು ವರ್ಷ ಗಂಡ ತಂದ ಹೊಳೆಮೀನು ಕೊಯ್ದ ಕೈ ಅದು. ಕತ್ತಿ ಸ್ವಲ್ಪ ನಿಂತಿತು.

"ನೀರು ಹೊಯ್ಯಿ ಮಗಾ," ಎಂದರು.

ಮಧ್ಯಾಹ್ನ ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಕೋಳಿ, ಪತ್ರೊಡೆ, ಕೊನೆಗೆ ಕೆಂಬೇರಿಯ ಸಾರು ಬಡಿಸಿದರು. ಬಡಿಸಿದ್ದನ್ನು ಹೇಳಿ ಹಿರಿಯರನ್ನು ಕರೆಯಬೇಕಾದವನು ಅಳಿಯ, ಅಂದರೆ ನಾನು. ಅತ್ತೆ ಪಕ್ಕದಲ್ಲಿ ನಿಂತು, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ನನಗೆ ಹೇಳಿದ್ದು ಇರಲಿ. ಅವರಿಗೆ ಸರಿಯಾದ್ದು ಹೇಳು."

ಹಿಂದೆ ನೆಂಟರಿದ್ದರು. ನಾನು ಕೈಮುಗಿದೆ. "ಮಾವ, ಅನ್ನ ಉಂಟು, ಕೋಳಿ ಉಂಟು. ಮೀನು ಸಾಕಿದ್ದು. ಹೊಳೆಯಲ್ಲಿ ನನಗೆ ಸಿಗಲಿಲ್ಲ. ಬಂದು ಉಣ್ಣಿ."

ಅತ್ತೆ ಬಾಗಿಲು ಎಳೆದರು. ಜಗಲಿಯಲ್ಲಿ ಮಳೆ ನೋಡುತ್ತ ನಿಂತೆವು. ಮತ್ತೆ ಬಾಗಿಲು ತೆರೆಯುವ ಮೊದಲು ಕೆಮ್ಮಿ ಒಳಗಿನವರಿಗೆ ತಿಳಿಸುವುದು ನಮ್ಮ ಮನೆಯ ಪದ್ಧತಿ. ಅದೂ ನನ್ನದೇ ಕೆಲಸ. ನಾನು ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಅತ್ತೆಯೇ ಕೆಮ್ಮಿದರು.

ಎಲೆಯಲ್ಲಿದ್ದದ್ದನ್ನು ಎಲ್ಲರಿಗೂ ಹಂಚಿದರು. ಮೀನಿಗೆ ಕೆಸರಿನ ವಾಸನೆ ಇತ್ತು, ಅತ್ತೆಯ ಮಸಾಲೆಗೂ ಅದು ಅಡಗಿರಲಿಲ್ಲ. ನಾನು ಮುಳ್ಳು ಮಾತ್ರ ಉಳಿಸಿ ತಿಂದೆ.

ಹೊರಡುವಾಗ ಅತ್ತೆ ಕೋಲನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಕೊಡುತ್ತಾರೆಂದು ನಾನು ಕೈ ಚಾಚಿದೆ. ಅವರು ಅದನ್ನು ಒಳಗೆ ಒಯ್ದು, ಮಾವನ ಮಂಚದ ಅಡಿಗೆ ತಳ್ಳಿ ಬಂದರು.

"ಅವರು ಕರೆದಾಗ ಒಂದು ಆದಿತ್ಯವಾರ ಹೋಗಬಹುದಿತ್ತು ನೀನು," ಎಂದರು.

ಮಳೆ ಜೋರಾಗಿತ್ತು. ಬಿಡುವ ತನಕ ನಿಲ್ಲು ಎಂದು ಅವರು ಹೇಳಲಿಲ್ಲ. ನಾನೂ ಕಾಯದೆ ಇಳಿದು ನಡೆದೆ.