ಫೈಲಿನಲ್ಲಿ ಇಲ್ಲದ ಪದ

ಟಿ.ಬಿ. ಎಂದು ಕೇಳಿ ಸಂತೋಷದಿಂದ ಅತ್ತವರನ್ನು ನೀವು ನೋಡಿದ್ದೀರಾ? ಹೋದ ಮಂಗಳವಾರ ಸೇಲಂನ ಒಂದು ಆಸ್ಪತ್ರೆಯಲ್ಲಿ ನಾನು ನೋಡಿದೆ.

ಹೋಗಿದ್ದು ಕಂಪ್ಯೂಟರ್ ರಿಪೇರಿಗೆ. (ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ.) ಲ್ಯಾಬ್ ಕೌಂಟರಿನ ಸೆಲ್ವಿ ದಿನದ ರಿಪೋರ್ಟುಗಳನ್ನೆಲ್ಲ ಎಡಿಟರ್ ಎಂಬ ಬರವಣಿಗೆಯ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿಡುತ್ತಾಳೆ, ಒಬ್ಬರಿಗೆ ಒಂದು ಸಾಲು. ಅವಳ ಹಸಿರು ಅಕ್ಷರದ ಟರ್ಮಿನಲ್, ಅಂದರೆ ಪರದೆ ಮತ್ತು ಕೀಲಿಮಣೆಯ ಜೋಡಿ, ಕೆಟ್ಟುಹೋಗಿ, ಬೇರೊಂದನ್ನು ತಂದಿಟ್ಟಿದ್ದರು. ಅಂದಿನಿಂದ ಪರದೆಯಲ್ಲಿ ಕಸ ಬರುತ್ತಿದೆ ಎಂಬುದು ದೂರು.

ನಾನು ತಲುಪುವಷ್ಟರಲ್ಲಿ ಆ ಕಸ ಅನಾಹುತ ಮಾಡಿಯಾಗಿತ್ತು. ಕಡಯಂಪಟ್ಟಿಯ ನಂಜಮ್ಮ ಗಂಡನ ರಿಪೋರ್ಟ್ ಏನೆಂದು ಕೇಳಿದ್ದಾಳೆ. ಡಾಕ್ಟರ್ ಇನ್ನೂ ಬಂದಿಲ್ಲ. ಅವಳ ಕಾಟ ತಾಳಲಾರದೆ ಸೆಲ್ವಿ ಪರದೆ ನೋಡಿ ಓದಿದ್ದಾಳೆ: ‘ರಂಗಪ್ಪ, ಕುತ್ತಿಗೆ ಗಂಟು, ಟಿ.ಬಿ., ಕ್ಯಾನ್ಸರ್.’

ನಂಜಮ್ಮ ಬೆಂಚಿನ ಮೇಲೆ ಕುಸಿದಿದ್ದಳು. ಅವಳ ಬೆನ್ನು ಸವರುತ್ತಿದ್ದವಳು ಮೆಟ್ಟೂರು ಕಡೆಯ ಹಳ್ಳಿಯ ಮಾದಮ್ಮ. ಆಕೆಯೂ ತನ್ನ ಗಂಟಿನ ರಿಪೋರ್ಟಿಗೇ ಕಾದಿದ್ದಳು. ಇಬ್ಬರಿಗೂ ಬೆಳಿಗ್ಗೆಯಷ್ಟೇ ಪರಿಚಯ. ಸೇಲಂನ ಕ್ಯೂಗಳಲ್ಲಿ ನಾವು ಹಾಗೆಯೇ ಅಲ್ಲವೆ? ತಮಿಳಿನ ನಡುವೆ ಒಂದು ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, ಊರು ಕೇಳಿ, ನಂಟು ಹುಡುಕಿ, ತಿಂಡಿ ಡಬ್ಬಿಯನ್ನೂ ಬಿಚ್ಚಿಬಿಡುತ್ತೇವೆ.

“ಅಳ್ಬ್ಯಾಡ ಕಣಕ್ಕಾ. ಡಾಕ್ಟ್ರು ಬಂದು ಏಳ್ಲಿ. ಆ ಪೊಣ್ಣು ಏಳಿದ್ದೇ ವೇದವಾಕ್ಯನಾ?” ಎನ್ನುತ್ತಿದ್ದಳು ಮಾದಮ್ಮ.

ಸೆಲ್ವಿ ಬೆವರುತ್ತಿದ್ದಳು. “ಸ್ಕ್ರೀನ್‌ಲ ಅಪ್ಪಡಿತಾನ್ ಸಾರ್ ಇರುಕ್ಕು” ಎಂದು ತೋರಿಸಿದಳು. ನಿಜ, ಪರದೆಯಲ್ಲಿ ಹಾಗೆಯೇ ಇತ್ತು. ಆದರೆ ಅದೇ ಸಾಲನ್ನು ಪ್ರಿಂಟರಿಗೆ ಕಳಿಸಿದರೆ ಟಿ.ಬಿ.ಗೇ ನಿಂತಿತು. ಫೈಲಿನಲ್ಲಿ ಇಲ್ಲದ ಪದ ಪರದೆಗೆ ಎಲ್ಲಿಂದ ಬಂತು?

ಇಂಥ ಎಡಿಟರುಗಳು ಪರದೆಯನ್ನು ಎಂದೂ ನೋಡುವುದಿಲ್ಲ. ಅಲ್ಲಿ ಏನಿದೆಯೆಂದು ನೆನಪಿನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಬದಲಾದದ್ದನ್ನಷ್ಟೇ ಕಳಿಸುತ್ತವೆ. ಉದ್ದ ಸಾಲಿದ್ದ ಜಾಗಕ್ಕೆ ಚಿಕ್ಕ ಸಾಲು ಬಂದಾಗ, ಉಳಿದದ್ದನ್ನು ಅಳಿಸು ಎಂದು ಟರ್ಮಿನಲ್‌ಗೆ ಒಂದು ಆಜ್ಞೆ ಹೋಗುತ್ತದೆ. ಹಳೆಯ ಟರ್ಮಿನಲ್‌ಗೆ ಅದು ಅರ್ಥವಾಗುತ್ತಿತ್ತು. ಈಗಿನದು ಬೇರೆ ಜಾತಿಯದು, ಸೆಟ್ಟಿಂಗ್ ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಳಿಸಿದೆ ಎಂದು ಎಡಿಟರ್ ನಂಬಿತ್ತು. ಅಳಿಸಿರಲಿಲ್ಲ. ಮೊದಲು ಅಲ್ಲಿದ್ದ ಸಾಲಿನ ಬಾಲ ಹಾಗೇ ಉಳಿದುಕೊಂಡಿತ್ತು.

ಪರದೆಯನ್ನು ಪೂರ್ತಿ ಒರೆಸಿ ಹೊಸದಾಗಿ ಬರೆಸಿದೆ. ‘ಕ್ಯಾನ್ಸರ್’ ಹೋಯಿತು. ನಾನೇ ಓಡಿಹೋಗಿ ಹೇಳಿದೆ. (ಅದು ಡಾಕ್ಟರ್ ಹೇಳಬೇಕಾದ ಮಾತು, ಒಪ್ಪಿದೆ. ಆದರೆ ಸುಳ್ಳು ಕೇಳಿ ಒದ್ದಾಡುವವಳನ್ನು ಹಾಗೇ ಬಿಡುವುದೆ?)

“ಬರೀ ಟೀಬಿನಾ ಸಾಮಿ? ಮಾತ್ರೇಲಿ ವಾಸಿ ಆಯ್ತೈತಲ್ವಾ?” ಎಂದು ನಂಜಮ್ಮ ಕೈಮುಗಿದು ಅತ್ತಳು. ಮಾದಮ್ಮನ ಖುಷಿ ಅವಳಿಗಿಂತ ದೊಡ್ಡದು. “ನಾ ಏಳ್ಳಿಲ್ವಾ!”

ನನಗೂ ಹೆಮ್ಮೆ. ಆದರೆ ಕೆಲಸ ಬಾಕಿ ಇತ್ತು. ಸರಿಪಡಿಸುವ ಮೊದಲು ದೋಷವನ್ನು ಬೇಕೆಂದೇ ಇನ್ನೊಮ್ಮೆ ಬರಿಸಿ ನೋಡುವುದು ನಮ್ಮ ಕಸುಬಿನ ಪದ್ಧತಿ. ಇಲ್ಲದಿದ್ದರೆ ಸರಿಯಾಯಿತೆಂದು ಹೇಗೆ ಹೇಳುವುದು? ಆ ಬಾಲ ಯಾವ ಸಾಲಿನದೆಂದು ಹುಡುಕುತ್ತಾ ಫೈಲಿನಲ್ಲಿ ಹಿಂದಕ್ಕೆ ಹೋದೆ. ಸಿಕ್ಕಿತು. ‘ಮಾದಮ್ಮ, ಮೆಟ್ಟೂರು, ಕುತ್ತಿಗೆ ಗಂಟು, ಕ್ಯಾನ್ಸರ್.’

ತನ್ನ ಪಾಲಿನ ಮಾತಿಗೆ ಬೇರೊಬ್ಬಳನ್ನು ಸಮಾಧಾನ ಮಾಡುತ್ತಾ ಕುಳಿತಿದ್ದಳು, ಪುಣ್ಯಾತ್ಗಿತ್ತಿ.

ಸೆಟ್ಟಿಂಗ್ ಬದಲಿಸಿದೆ. ಪರದೆ ಚೊಕ್ಕಟವಾಯಿತು. ಯಾರ ಮುಖವನ್ನೂ ನೋಡದೆ ಜಾರಿಕೊಳ್ಳೋಣವೆಂದು ಎದ್ದರೆ, ಮಾದಮ್ಮ ಬಾಗಿಲಲ್ಲೇ ತಡೆದಳು.

“ನೀನು ನಮ್ಮೋನೇ ಅಲ್ವಾ? ನಂದೂ ಒಸಿ ನೋಡಿ ಏಳಪ್ಪಾ.”

“ಡಾಕ್ಟರ್ ಬರಲಿ ಅಕ್ಕಾ” ಎಂದೆ.

ನಂಜಮ್ಮನಿಗೆ ಓಡಿಬಂದು ಹೇಳಿದವನು ಈಕೆಗೆ ಮಾತ್ರ ಡಾಕ್ಟರ್ ಬರಲಿ ಎಂದರೆ ಏನರ್ಥ? ಆಕೆ ದಡ್ಡಿಯಲ್ಲ. ಕುತ್ತಿಗೆಗೆ ಸೆರಗು ಸುತ್ತಿಕೊಂಡಳು.

“ಸರಿ ಬುಡು. ಅವ್ರು ಇಂಗ್ಲೀಸ್ನಾಗೆ ಏಳ್ತಾರೆ. ನೀನು ಜೊತೇಲಿರು. ನಮ್ಮ ಮಾತ್ನಾಗೆ ನೀನೇ ಏಳು.”

ಮರಳಿ ಬಂದು ಬೆಂಚಿನ ಮೇಲೆ ಕುಳಿತೆ. ಈಗ ನಂಜಮ್ಮ ಆಕೆಯ ಕೈ ಹಿಡಿದುಕೊಂಡಿದ್ದಳು.

ಪರದೆ ತಪ್ಪು ತೋರಿಸಿದರೆ ಸರಿಮಾಡಲು ನನ್ನನ್ನು ಕರೆಯುತ್ತಾರೆ. ಸರಿಯಾದದ್ದನ್ನೇ ತೋರಿಸಿದಾಗ ಯಾರನ್ನು ಕರೆಯುವುದು?