ಉಷ್ಣವನ್ನು ಗರಮಿ ಎಂದದ್ದು

ಹೊಟ್ಟೆಕಿಚ್ಚಿನಲ್ಲಿ ನನ್ನನ್ನು ಮೀರಿಸುವವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಮದುವೆಯಾಗಿ ಉಡುಪಿಯಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದ ಹೊಸದರಲ್ಲಿ ಇವರು ಯಾರದೋ ಮನೆಯ ಸಾರನ್ನು ಹೊಗಳಿದರೆಂದು ಒಂದು ವಾರ ನಾನು ಸಾರೇ ಮಾಡಿರಲಿಲ್ಲ. ಅಂಥವಳಿಗೆ ಹೋದ ವರ್ಷ ಕೆಳಗೆ ತುರಿಕೆ ಶುರುವಾಯಿತು.

ತುರಿಕೆ ಎಂದರೆ ಕುಳಿತಲ್ಲಿ ಕೂರಲಾಗದ ತುರಿಕೆ. ಮೂತ್ರಕ್ಕೆ ಹೋದರೆ ಉರಿ. ಜೊತೆಗೆ ಒಡೆದ ಹಾಲಿನ ಹಾಗೆ ಬಿಳಿ ಹೋಗುತ್ತಿತ್ತು. ಗಂಡನ ಹತ್ತಿರ ಹೇಳಲು ನಾಚಿಕೆ. ಊರಿಗೆ ಫೋನ್ ಮಾಡಿದರೆ ಅಮ್ಮ, "ಅದು ಉಷ್ಣ ಮಾರಾಯ್ತಿ. ದಿನಾ ಒಂದು ಬೊಂಡ ಕುಡಿ, ಸರಿಯಾಗ್ತದೆ" ಎಂದರು. ಎಳನೀರೂ ಆಯಿತು, ಮಜ್ಜಿಗೆಯೂ ಆಯಿತು. ತುರಿಕೆ ಮಾತ್ರ ಹೋಗಲಿಲ್ಲ.

ಪಕ್ಕದ ಮನೆಯ ಮರಾಠಿ ಅಜ್ಜಿಗೆ ಮನೆಮದ್ದು ಗೊತ್ತು ಎನ್ನುತ್ತಿದ್ದರು. ನನ್ನ ಅರೆಬೆಂದ ಮರಾಠಿಯಲ್ಲಿ ಉಷ್ಣಕ್ಕೆ ಏನೆನ್ನಬೇಕೆಂದು ಯೋಚಿಸಿ, ಜಾಗ ತೋರಿಸಿ, "ಮಲಾ ಗರಮೀ ಝಾಲೀ ಆಹೇ" ಎಂದೆ, ನನಗೆ ಉಷ್ಣವಾಗಿದೆ ಎಂಬ ಅರ್ಥದಲ್ಲಿ. ಅಜ್ಜಿ ಸೋಸುತ್ತಿದ್ದ ಮೆಂತ್ಯ ಸೊಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅಗಂ ಬಾಈ! ಗರಮೀ? ನವರ‍್ಯಾಲಾ ವಿಚಾರ್." ಗಂಡನನ್ನು ಕೇಳು ಎಂದರು. ನನಗೆ ಅರ್ಥವಾಗಲಿಲ್ಲವೆಂದು ಕಂಡು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹೊರಗೆ ಬೇರೆ ಹೆಂಗಸಿನ ಸಂಗ ಮಾಡಿದ ಗಂಡ ಮನೆಗೆ ತರುವ ರೋಗವಂತೆ ಅದು.

ಯಾವ ಹೆಂಗಸು ಎಂದು ನಾನು ಹುಡುಕಲು ಹೋಗಬೇಕಾಗಿರಲಿಲ್ಲ. ಇವರಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ ಆಫೀಸು ಕೆಲಸ. ನಮ್ಮದೇ ರಸ್ತೆಯ ಒಬ್ಬಳು ಅದೇ ಆಫೀಸಿಗೆ ಸೇರಿ ದಿನವೂ ಇವರ ಬೈಕಿನ ಹಿಂದೆ ಕೂತು ಹೋಗುತ್ತಿದ್ದಳು. ಅವಳಿಗಾಗಿ ಮನೆಗೆ ಎರಡನೇ ಹೆಲ್ಮೆಟ್ ಬಂದಿತ್ತು. ಐದು ವರ್ಷ ನಾನು ಬರಿದಲೆಯಲ್ಲಿ ಹಿಂದೆ ಕೂತಿದ್ದಾಗ ನನ್ನ ತಲೆಯ ಚಿಂತೆ ಇವರಿಗೆ ಬಂದಿರಲಿಲ್ಲ! ಹೆಲ್ಮೆಟ್ ಒಳಗೆ ಮೂಗು ತೂರಿಸಿ ಅವಳ ಎಣ್ಣೆಯ ವಾಸನೆ ನೋಡಿದೆ. ನನ್ನದಕ್ಕಿಂತ ಒಳ್ಳೆಯ ಎಣ್ಣೆ. ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಅವಳ ಕೈ ಎಲ್ಲಿ ಹಿಡಿಯುತ್ತದೆಂದು ನೋಡಿದೆ. ಸೀಟಿನ ಹಿಂದಿನ ಕಂಬಿಯನ್ನು ಹಿಡಿಯುತ್ತಿದ್ದಳು. ತಿರುವು ದಾಟಿದ ಮೇಲೆ ಬದಲಾಯಿಸುತ್ತಾಳೆ ಎಂದುಕೊಂಡೆ.

ಎರಡು ವಾರ ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ, ಹಾಸಿಗೆಯನ್ನೂ ಬೇರೆ ಮಾಡಿಕೊಂಡೆ. "ಎಂತ ಆಯ್ತು ನಿಂಗೆ?" ಎಂದರೆ, "ಎಂತ ಇಲ್ಲ" ಎನ್ನುತ್ತಿದ್ದೆ. ಮೆಡಿಕಲ್‌ನಲ್ಲಿ ತುರಿಕೆಗೆಂದು ಕೇಳಿ ತಂದ ಮುಲಾಮು ಹಚ್ಚಿದರೆ ಉರಿ ಇನ್ನೂ ಹೆಚ್ಚಾಯಿತು. ಕೊನೆಗೆ ಡೊಂಬಿವಲಿಯಲ್ಲಿ ಯಾರಾದರೂ ಕಂಡಾರೆಂದು ಕಲ್ಯಾಣದ ಲೇಡಿ ಡಾಕ್ಟರ್ ಹತ್ತಿರ ಹೋದೆ. ಗುಣವಾಗಲಿ ಎಂದಷ್ಟೇ ಅಲ್ಲ, ರಿಪೋರ್ಟನ್ನು ಇವರ ಮುಖದ ಮುಂದೆ ಹಿಡಿದು ಜಗಳ ಮಾಡಬೇಕು ಎಂದು ಹೋದೆ.

ಗರಮಿ ಎಂದ ಕೂಡಲೇ ಡಾಕ್ಟರ್ ಕೂಡ ಹುಬ್ಬೇರಿಸಿದರು. ಪರೀಕ್ಷೆ ಮಾಡಿದ ಮೇಲೆ ನಕ್ಕರು. ಹಳೆಯ ಮರಾಠಿಯಲ್ಲಿ ಅದು ಲೈಂಗಿಕ ರೋಗದ ಹೆಸರಂತೆ. ನಮ್ಮ ಉಷ್ಣಕ್ಕೆ ಅವರಲ್ಲೂ ಉಷ್ಣತಾ ಎಂದೇ ಹೇಳುತ್ತಾರಂತೆ. ನಾಲಿಗೆಯ ಮೇಲಿದ್ದ ಪದವನ್ನು ಬಿಟ್ಟು ಇಲ್ಲದ ಜಾಣತನ ತೋರಿಸಿದ್ದೆ.

"ಇದು ಯೀಸ್ಟ್. ಒಂದು ಬಗೆಯ ಶಿಲೀಂಧ್ರ. ಹೆಚ್ಚಿನ ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಆಗುತ್ತದೆ," ಎಂದು ಹಿಂದಿಯಲ್ಲಿ ಹೇಳಿದರು. ಅದು ನಮ್ಮ ಮೈಯಲ್ಲೇ ಸ್ವಲ್ಪ ಇರುತ್ತದಂತೆ, ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವಂತೆ. ಇತ್ತೀಚೆಗೆ ಏನು ಮಾತ್ರೆ ತೆಗೆದುಕೊಂಡೆ ಎಂದು ಕೇಳಿದರು. ಹಲ್ಲುನೋವಿಗೆ ಐದು ದಿನ ಆ್ಯಂಟಿಬಯೋಟಿಕ್ ನುಂಗಿದ್ದೆ. ಆ ಮಾತ್ರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದಿತ್ತು, ಯೀಸ್ಟ್ ಬೆಳೆದಿತ್ತು. ಸಕ್ಕರೆ ಕಾಯಿಲೆಯಿದ್ದರೆ, ಬಸುರಿಯಾಗಿದ್ದರೆ, ಬೆವರಿದ ಬಿಗಿ ಬಟ್ಟೆಯಲ್ಲೇ ಇದ್ದರೆ ಕೂಡ ಆಗಬಹುದಂತೆ. ಗಲೀಜೆಂದು ನಾನು ಘಮಘಮ ಸೋಪು ಹಾಕಿ ಒಳಗೆಲ್ಲ ತೊಳೆಯುತ್ತಿದ್ದದ್ದಕ್ಕೆ ಚೆನ್ನಾಗಿ ಬೈದರು. ಇದು ಗಂಡ ಹೊರಗಿನಿಂದ ತರುವ ರೋಗಗಳ ಸಾಲಿಗೆ ಸೇರುವುದಿಲ್ಲ, ಆದರೆ ನೋಡಲು ಹೀಗೇ ಇರುವ ಬೇರೆ ಸೋಂಕುಗಳೂ ಇವೆ, ನೀನೇ ಮುಲಾಮು ಹಚ್ಚಿಕೊಂಡು ಕೂರಬೇಡ ಎಂದರು. ಒಳಗಿಡುವ ಮಾತ್ರೆ ಬರೆದುಕೊಟ್ಟರು.

ನಿಜ ಹೇಳುತ್ತೇನೆ, ಸಮಾಧಾನಕ್ಕಿಂತ ಮೊದಲು ನಿರಾಸೆಯಾಯಿತು. ಎರಡು ವಾರ ಮಸೆದಿಟ್ಟ ಜಗಳವೆಲ್ಲ ದಂಡವಾಯಿತಲ್ಲ. ಲೋಕಲ್ ರೈಲಿನಲ್ಲಿ ಕೂತ ಮೇಲೆ ಅಳು ಬಂತು. ಪಾಪದ ಗಂಡನನ್ನು ಎಷ್ಟು ಗೋಳು ಹುಯ್ದುಕೊಂಡೆ ಎಂದು ನೊಂದುಕೊಂಡೆ. ಸಂಜೆ ಇವರು ಬಂದು ಶೂ ಬಿಚ್ಚುವಷ್ಟರಲ್ಲಿ ನಾಚಿಕೆ ಬಿಟ್ಟು ಎಲ್ಲ ಹೇಳಿದೆ.

ಇವರು ತಲೆಯೆತ್ತದೆ, "ಹೌದು, ಆ್ಯಂಟಿಬಯೋಟಿಕ್ ತಗೊಂಡ್ರೆ ಹಾಗೆ ಆಗ್ತದಂತೆ. ತುಂಬ ಜನಕ್ಕೆ ಆಗ್ತದಂತೆ" ಎಂದರು.

ಆ "ಅಂತೆ" ನನ್ನ ಕಿವಿಗೆ ಚುಚ್ಚಿತು. "ಅಂತೆ ಅಂತ ಹೇಳಿದ್ದು ಯಾರು?" ಎಂದೆ.

ಇವರು ಶೂ ಲೇಸನ್ನು ಮತ್ತೆ ಕಟ್ಟತೊಡಗಿದರು. "ಬಚ್ಚಲಲ್ಲಿ ಮುಲಾಮು ಕಂಡೆ. ನೀನು ಬಾಯಿ ಬಿಡುದಿಲ್ಲ. ನಂಗೆ ಹೆದ್ರಿಕೆ ಆಯ್ತು ಮಾರಾಯ್ತಿ. ಬೈಕಲ್ಲಿ ಹೋಗುವಾಗ ಅವಳತ್ರ ಕೇಳಿದೆ. ಅವಳಿಗೆ ಎರಡು ಸಲ ಆಗಿತ್ತಂತೆ. ಡಾಕ್ಟರಿಗೆ ತೋರಿಸ್ಲಿಕ್ಕೆ ಹೇಳಿ ಅಂದ್ಳು."

ಇವರ ಮೇಲೆ ತಪ್ಪು ಹೊರಿಸಲು ಏನೂ ಉಳಿದಿರಲಿಲ್ಲ. ಅವಳ ಮೇಲಂತೂ ಇರಲೇ ಇಲ್ಲ. ಆದರೂ ಮೈಯೆಲ್ಲ ಉರಿಯಿತು. ಗಂಡನೆದುರು ನನ್ನ ಬಾಯಿಂದ ಹೊರಡದ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡಿದ್ದಳು! ನನ್ನ ಮೈಯ ಸುದ್ದಿ ಅವಳ ಬಾಯಿಂದ ಇವರಿಗೆ ತಿಳಿದಿತ್ತು, ಅದೂ ಹಿಂದಿನ ಸೀಟಿನಿಂದ.

ಮಾತ್ರೆಗೆ ತುರಿಕೆ ವಾರದೊಳಗೆ ಹೋಯಿತು. ಈಗ ಸೊಂಟ ಹಿಡಿಯಲಿ, ಮುಟ್ಟು ತಡವಾಗಲಿ, ಬೆಳಿಗ್ಗೆ ಇವರು ಬೈಕ್ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ.