ಕಾಗದ ಕರಗಿಸುವ ನೀರಕ್ಕ

ಬೆಳಗಿನ ಆರು ಗಂಟೆ. ಮಾನಸಿಕ ಚಿಕಿತ್ಸಾ ಕೇಂದ್ರದ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ನೀರಕ್ಕ ರವಿಕೆಯ ತೋಳು ಮಡಚಿ, ತಗಡಿನ ಪೆಟ್ಟಿಗೆಯ ಬೀಗ ತೆಗೆದು, ಒಳಗಿನ ಕಾಗದಗಳನ್ನು ನೀರು ತುಂಬಿದ ಟಬ್ಬಿಗೆ ಸುರಿಯುತ್ತಾರೆ. ಎರಡೂ ಕೈ ಮುಳುಗಿಸಿ ಹಿಟ್ಟು ನಾದಿದಂತೆ ನಾದುತ್ತಾರೆ. ಶಾಯಿ ಬಿಟ್ಟುಕೊಂಡು ನೀರು ನೀಲಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಹದಿನೆಂಟು ಜನರ ಸಂಕಟವೆಲ್ಲ ಒಂದು ಬೂದುಬಣ್ಣದ ಮುದ್ದೆ. ದಿನಕ್ಕೆ ಅರವತ್ತು ಹಾಳೆ. ವರ್ಷಕ್ಕೆ ಇಪ್ಪತ್ತು ಸಾವಿರ ದಾಟುತ್ತದೆ.

ಇಲ್ಲಿ ಮಾತ್ರೆ, ಮಾತುಕತೆಯ ಜೊತೆಗೆ ಬರವಣಿಗೆಯೂ ಚಿಕಿತ್ಸೆಯೇ. ದಿನಾ ಸಂಜೆ ಇಪ್ಪತ್ತು ನಿಮಿಷ, ಪೆನ್ನು ಎತ್ತದೆ, ಕಾಗುಣಿತದ ಗೊಡವೆಯಿಲ್ಲದೆ, ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಡಾಕ್ಟರೂ ಅದನ್ನು ನೋಡುವಂತಿಲ್ಲ. "ಓದೋರಿದ್ದಾರೆ ಅಂತ ಗೊತ್ತಾದ್ರೆ ಸಾಕು, ಜನ ಚೆನ್ನಾಗಿ ಕಾಣೋ ಹಾಗೆ ಬರೆಯೋಕೆ ಶುರು ಮಾಡ್ತಾರೆ" ಎನ್ನುತ್ತಾರೆ ಆಪ್ತ ಸಲಹೆಗಾರ್ತಿ. ಆ ಪುಟಗಳನ್ನು ಇಲ್ಲವಾಗಿಸಲು ಹನ್ನೊಂದು ವರ್ಷದ ಹಿಂದೆ ಓದು ಬಾರದ ಒಬ್ಬರನ್ನು ಹುಡುಕುತ್ತಿದ್ದರು.

"ಅಕ್ಷರ ಬರುತ್ತಾ?" ಎಂದು ಕೇಳಿದರು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು, ಮಗಳಿಗೆ ಮೂರು ವರ್ಷ. ನೀರಕ್ಕ ಇಲ್ಲವೆಂದು ತಲೆಯಾಡಿಸಿದರು. "ಏಳನೇ ಕ್ಲಾಸು ಪಾಸಾಗಿದ್ದೆ. ಓದು ಬರಲ್ಲ ಅಂದ್ರೆ ಕೆಲಸ ಕೊಡೋ ಜಾಗ ಪ್ರಪಂಚದಲ್ಲಿ ಇದೊಂದೇ ಇರ್ಬೇಕು" ಎಂದು ಈಗ ನಗುತ್ತಾರೆ.

ಸುಳ್ಳು ಹೇಳಿ ಕೆಲಸ ಹಿಡಿದರೂ, ಒಂದಕ್ಷರವನ್ನೂ ಓದಬಾರದೆಂದು ತಮಗೆ ತಾವೇ ಕೊಟ್ಟುಕೊಂಡ ಮಾತಿಗೆ ತಪ್ಪಲಿಲ್ಲ. ಬಿಡಿಹಾಳೆಗಳನ್ನು ಬರೆದ ಮಗ್ಗುಲು ಕೆಳಗೆ ಮಾಡಿಯೇ ನೀರಿಗೆ ಹಾಕುತ್ತಿದ್ದರು. ಗುಟ್ಟು ರಟ್ಟಾದೀತೆಂದು ಮನೆಯಲ್ಲೂ ಓದು ಬಾರದವರಂತೆಯೇ ಇದ್ದರು; ಬಸ್ಸಿನ ಬೋರ್ಡನ್ನು ಮಗಳೇ ಓದಿ ಹೇಳುತ್ತಿದ್ದಳು. ಆದರೆ ಕಾಗದ ಮಡಿಸುವ ರೀತಿಯಲ್ಲೇ ಯಾರದೆಂದು ತಿಳಿಯುತ್ತಿತ್ತು. ಒಬ್ಬರು ಉಂಡೆ ಕಟ್ಟುತ್ತಿದ್ದರು, ಇನ್ನೊಬ್ಬರು ಸುರುಳಿ ಸುತ್ತುತ್ತಿದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದ ಟೈಲರಣ್ಣನದು ಮಾತ್ರ ಪ್ಯಾಂಟಿನ ಗೆರೆಯಂತೆ ಉಗುರಿನಿಂದ ತೀಡಿದ ನಾಲ್ಕು ಮಡಿಕೆ.

ಕಳೆದ ವರ್ಷ ಒಂದು ಬೆಳಿಗ್ಗೆ ಟೈಲರಣ್ಣನ ಆ ಕಾಗದ ನೀರಿಗೆ ಬಿದ್ದು, ಮೆಲ್ಲಗೆ ತಾನೇ ಬಿಚ್ಚಿಕೊಂಡಿತು. ಪುಟವೆಲ್ಲ ಖಾಲಿ, ನಡುವೆ ಒಂದೇ ಒಂದು ಸಾಲು. ಕಣ್ಣು ತಪ್ಪಿಸುವಷ್ಟರಲ್ಲಿ ಓದಿಯಾಗಿತ್ತು.

"ನಾಳೆ ತಿಂಡಿಯ ಹೊತ್ತಿಗೆ ನಾನು ಇರುವುದಿಲ್ಲ."

ಬರೆದದ್ದು ನಿನ್ನೆ ಸಂಜೆ. ನಾಳೆಯೆಂದರೆ ಇವತ್ತು! "ಆ ಕಾಗದ ಹಿಡ್ಕೊಂಡು ಹೇಗೆ ಎದ್ದೆನೋ ನೆನಪಿಲ್ಲ" ಎನ್ನುತ್ತಾರೆ ನೀರಕ್ಕ.

ಓಡಿಹೋಗಿ ನರ್ಸಮ್ಮನ ಮೇಜಿನ ಮುಂದೆ ನಿಂತರು. "ಟೈಲರಣ್ಣ ಯಾಕೋ ಸರಿ ಇಲ್ಲ, ಒಂದ್ಸಲ ನೋಡಿ."

"ಈಗ ತಾನೇ ನೋಡಿ ಬಂದೆ. ಮಲಗಿದ್ದಾರೆ. ನೀನು ಹೋಗಿ ಕೆಲಸ ನೋಡು."

ನೀರಕ್ಕ ಕದಲಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಒಂದು ಜೀವ. ಮುಷ್ಟಿಯಲ್ಲಿದ್ದ ಒದ್ದೆ ಕಾಗದವನ್ನು ಮೇಜಿನ ಮೇಲೆ ಹರಡಿ, ಶಾಲೆಯ ಹುಡುಗಿಯಂತೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

ನರ್ಸಮ್ಮ ದಂಗಾದರು. ಕಾಗದಕ್ಕಿಂತ ಮೊದಲು ಈಕೆಯ ಮುಖ ನೋಡಿದರು. "ನೀನು... ಓದ್ತೀಯಾ?"

"ಅದನ್ನ ಆಮೇಲೆ ಕೇಳಿ, ಮೊದಲು ಬನ್ನಿ!"

ಹಾಸಿಗೆಯಲ್ಲಿ ಹೊದಿಕೆಯೊಳಗೆ ದಿಂಬು ಮಲಗಿತ್ತು. ಟೈಲರಣ್ಣ ಹಿತ್ತಲ ಗೇಟಿನ ಬಳಿ ಬರಿಗಾಲಲ್ಲಿ ಸಿಕ್ಕರು. ಇಬ್ಬರು ಹೆಂಗಸರನ್ನೂ ಕಂಡು ಅಲ್ಲೇ ಕುಸಿದು ಕುಳಿತರು.

ಜೀವ ಉಳಿಯಿತು. ಆದರೆ ಅಂದು ಸಂಜೆ ಬರೆಯುವ ಕೋಣೆಯಲ್ಲಿ ನೀರಕ್ಕ ಎಲ್ಲರೆದುರು ನಿಲ್ಲಬೇಕಾಯಿತು. "ನಂಗೆ ಓದೋಕೆ ಬರುತ್ತೆ. ಮೊದಲಿಂದ್ಲೂ ಬರುತ್ತೆ. ನಿಮ್ಮದು ಯಾವುದನ್ನೂ ಓದಿಲ್ಲ, ಇವತ್ತಿನ ಒಂದು ಸಾಲು ಬಿಟ್ಟು." ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಪೆನ್ನು ಕೆಳಗಿಟ್ಟಳು.

"ನನ್ನ ಮಗು ವಿಷಯ ಬರೆದಿದ್ದೆ. ಅದನ್ನೂ ಓದಿದೆಯಾ?"

"ಇಲ್ಲ ತಾಯಿ."

"ಹೇಗೆ ನಂಬಲಿ?"

ಮರುದಿನ ಪೆಟ್ಟಿಗೆಯಲ್ಲಿ ಐದೇ ಕಾಗದಗಳಿದ್ದವು. ಕೆಲಸ ಬಿಡಲು ಸಿದ್ಧರಾಗಿ ನೀರಕ್ಕ ಬೀಗದ ಕೈಯನ್ನು ಸಲಹೆಗಾರ್ತಿಯ ಮುಂದಿಟ್ಟರೆ ಅವರು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಮಗಳಿಗೆ ಇನ್ನೊಂದು ಆಘಾತ. "ಅಮ್ಮಾ! ಹಾಗಾದ್ರೆ ನನ್ನ ಪ್ರೋಗ್ರೆಸ್ ಕಾರ್ಡು?" ಟೀಚರು 'ಪಾಠದ ಕಡೆ ಗಮನವಿಲ್ಲ' ಎಂದು ಬರೆದದ್ದನ್ನು ಅವಳು 'ಬಹಳ ಜಾಣೆ' ಎಂದು ಓದಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಳು. "ಎಲ್ಲಾ ಗೊತ್ತಿತ್ತು. ನಾನೇ ಸುಳ್ಳಿ, ನಿನ್ನ ಯಾವ ಬಾಯಲ್ಲಿ ಬೈಯಲಿ?" ಎಂದರು ತಾಯಿ. ಇಬ್ಬರೂ ನಕ್ಕು, ಆಮೇಲೆ ಅತ್ತರು.

ಹನ್ನೆರಡು ದಿನ ಕಳೆದ ಮೇಲೆ ಟೈಲರಣ್ಣ ಒಗೆಯುವ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಸಿಟ್ಟು ಇಳಿದಿರಲಿಲ್ಲ. "ನಿನಗೆ ಯಾರಮ್ಮ ಓದು ಅಂದ್ರು?"

"ಯಾರೂ ಅನ್ನಲಿಲ್ಲ ಅಣ್ಣ. ಕಾಗದ ತಾನೇ ಬಿಚ್ಕೊಳ್ತು."

ಟೈಲರಣ್ಣ ಅಂಗಿಯ ತೋಳು ಮಡಚಿದರು. "ಸರಿ, ಆ ಕಡೆ ಸರಿ. ನನ್ನದು ನಾನೇ ಕರಗಿಸ್ತೀನಿ."

ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಈಗ ಅದೇ ಪದ್ಧತಿ: ಬೇಕಾದವರು ಬೆಳಿಗ್ಗೆ ತಾವೇ ಕರಗಿಸುತ್ತಾರೆ, ಬೇಡದವರು ಪೆಟ್ಟಿಗೆಗೆ ಹಾಕುತ್ತಾರೆ. ಬರೆಯುವ ಮುನ್ನ ಸಲಹೆಗಾರ್ತಿ ಒಂದು ಮಾತು ಸೇರಿಸುತ್ತಾರೆ: "ಜೀವ ಬೇಡ ಅನ್ನಿಸಿದ್ರೆ ಕಾಗದಕ್ಕೆ ಮಾತ್ರ ಹೇಳಿ ಸುಮ್ಮನಾಗಬೇಡಿ, ನಮ್ಮಲ್ಲಿ ಯಾರಿಗಾದ್ರೂ ಹೇಳಿ." ಆ ತಾಯಿ ಮಾತ್ರ ಮನೆಗೆ ಹೋಗುವವರೆಗೂ ನೀರಕ್ಕನಿಗೆ ಬೆನ್ನು ಮಾಡಿಯೇ ತನ್ನ ಹಾಳೆಗಳನ್ನು ನಾದಿದಳು. "ಅವರ ಸಿಟ್ಟು ನ್ಯಾಯವಾದದ್ದೇ" ಎನ್ನುತ್ತಾರೆ ನೀರಕ್ಕ.

ಏನಾದರೂ ಆಸೆ ಇದೆಯೇ ಎಂದರೆ ಟಬ್ಬಿನ ಕಡೆ ಕೈ ತೋರಿಸುತ್ತಾರೆ. "ಇನ್ನೊಂದು ಟಬ್ಬು ಕೊಡಿಸಿದ್ರೆ ಸಾಕು, ಜನ ಕಾಯೋದು ತಪ್ಪುತ್ತೆ." ಕೈ ಒರೆಸಿಕೊಂಡು ತಲೆ ಎತ್ತುತ್ತಾರೆ. "ಅಷ್ಟೊಂದು ಪುಟದಲ್ಲಿ ನಾನು ಓದಿದ್ದು ಒಂದೇ ಸಾಲು. ತಪ್ಪಿಲ್ಲದೆ ಓದಿದೆ."